ಎರಡೂ ‘ಹ್ಯಾಸ್ವೆಲ್’, ಒಂದರಲ್ಲಿ ಮಾತ್ರ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’: ಏಕೆ?

ಪ್ರಶ್ನೆ: ತುಮಕೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಿಂತುಹೋದ ಸ್ಥಳೀಯ ವಾರಪತ್ರಿಕೆಗಳು, ಸಿದ್ಧಗಂಗೆ ಜಾತ್ರೆಯ ಹಳೆಯ ಕರಪತ್ರಗಳು, ಸಹಕಾರ ಸಂಘಗಳ ವರದಿಗಳು, ಇವನ್ನೆಲ್ಲ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಎಂಬ ಪ್ರೋಗ್ರಾಮ್ ಮೂಲಕ ಪಠ್ಯ ತೆಗೆಯುತ್ತಿದ್ದೇವೆ. ಬೇಗ ಮುಗಿಯಲಿ ಎಂದು ಟೆಸೆರಾಕ್ಟ್ ಮತ್ತು ಅದು ಬಳಸುವ ಲೆಪ್ಟೋನಿಕಾ ಲೈಬ್ರರಿ ಎರಡನ್ನೂ ಐ5-4570 ಇರುವ ಮಷೀನಿನಲ್ಲಿ ‘-ಓ3 -ಮಾರ್ಚ್=ನೇಟಿವ್’ (ಈ ಮಷೀನಿನ ಪ್ರೊಸೆಸರ್ ಬಲ್ಲದ್ದನ್ನೆಲ್ಲ ಬಳಸಿಕೋ ಎಂದು ಕಂಪೈಲರ್‌ಗೆ ಹೇಳುವ ಫ್ಲಾಗ್) ಹಾಕಿ ಕಂಪೈಲ್ ಮಾಡಿ ಉಳಿದವಕ್ಕೆ ಕಾಪಿ ಮಾಡಿದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಪೆಂಟಿಯಂ ಜಿ3220 ಮಷೀನುಗಳಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತದೆ. ಆಮೇಲೆ, ಒಂದು ಮಷೀನಿನಲ್ಲಿ ‘ನೇಟಿವ್’ ಎಂದರೆ ಏನೆಂದು ಬಿಡಿಸಿ ಹೇಳುವ ‘ರಿಸಾಲ್ವ್-ಮಾರ್ಚ್-ನೇಟಿವ್’ ಎಂಬ ಪುಟ್ಟ ಟೂಲ್ ಸಿಕ್ಕಿತು. ಐ5ನಲ್ಲಿ ಓಡಿಸಿದರೆ ‘-ಮಾರ್ಚ್=ಹ್ಯಾಸ್ವೆಲ್’ ಎಂದಿತು. ಪೆಂಟಿಯಂ ಜಿ3220 ಕೂಡ ಹ್ಯಾಸ್ವೆಲ್ಲೇ. ಹಾಗಾಗಿ ಅದನ್ನೇ ಹಾಕಿ ಟೆಸೆರಾಕ್ಟ್ ಮತ್ತೆ ಕಂಪೈಲ್ ಮಾಡಿದೆ. ಅದೇ ಎರರ್. ಟೂಲ್ ತಪ್ಪು ಹೇಳುತ್ತಿದೆಯೇ? ಮಷೀನಿಗೊಂದರಂತೆ ಬೇರೆ ಬೇರೆ ಕಂಪೈಲ್ ಮಾಡಬೇಕೇ?

ಉತ್ತರ: ಟೂಲ್ ತಪ್ಪು ಹೇಳಿಲ್ಲ. ನೀವು ಕೇಳಿದ್ದು ಐ5 ಅನ್ನು, ಅದು ಹೇಳಿದ್ದು ಐ5 ವಿಷಯವನ್ನು. ಕೇಳಬೇಕಾಗಿದ್ದುದು ಪೆಂಟಿಯಂ ಅನ್ನು. ಮಷೀನಿಗೊಂದು ಕಂಪೈಲ್ ಬೇಕಿಲ್ಲ, ಒಂದೇ ಸಾಕು. ನಿಜ ಹೇಳಬೇಕೆಂದರೆ ಟೆಸೆರಾಕ್ಟ್ ವಿಷಯದಲ್ಲಿ ಈ ಫ್ಲಾಗ್‌ಗಳ ತಲೆನೋವೇ ನಿಮಗೆ ಬೇಕಿರಲಿಲ್ಲ. ಅದು ಯಾಕೆಂದು ಆಮೇಲೆ ಹೇಳುತ್ತೇನೆ. (ಆದೇಶಗಳನ್ನೂ ಫ್ಲಾಗ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಹೊಡೆಯಿರಿ.)

ಮೊದಲು ಹ್ಯಾಸ್ವೆಲ್ ಹೆಸರಿನ ಗೊಂದಲ ಬಗೆಹರಿಸೋಣ. ಹ್ಯಾಸ್ವೆಲ್ ಎಂದರೆ 2013ರಲ್ಲಿ ಇಂಟೆಲ್ ತಂದ ಒಂದು ತಲೆಮಾರು. ಎವಿಎಕ್ಸ್2, ಎಫ್‌ಎಂಎ, ಬಿಎಂಐ, ಬಿಎಂಐ2 ಎಂಬ ಇನ್‌ಸ್ಟ್ರಕ್ಷನ್ ಗುಂಪುಗಳು ಇಂಟೆಲ್ ಡೆಸ್ಕ್‌ಟಾಪ್‌ಗಳಿಗೆ ಬಂದದ್ದು ಅದರ ಜೊತೆ. ಆದರೆ ಕೋರ್ ಐ3, ಐ5, ಐ7ಗಳಿಗೆ ಕೊಟ್ಟದ್ದನ್ನು ಅದೇ ತಲೆಮಾರಿನ ಪೆಂಟಿಯಂ ಮತ್ತು ಸೆಲೆರಾನ್‌ಗಳಿಗೆ ಇಂಟೆಲ್ ಕೊಡಲಿಲ್ಲ. ಜಿ3220ರಲ್ಲಿ ಎವಿಎಕ್ಸ್2 ಇಲ್ಲದಿರುವುದು ಹಾಗಿರಲಿ, 2011ರ ಸ್ಯಾಂಡಿ ಬ್ರಿಡ್ಜ್ ಐ5ನಲ್ಲೇ ಇದ್ದ ಹಳೆಯ ಎವಿಎಕ್ಸ್ ಕೂಡ ಇಲ್ಲ. ಗೂಢಲಿಪಿಗೆ ನೆರವಾಗುವ ಎಇಎಸ್ ಇಲ್ಲ, ಎಫ್‌ಎಂಎ ಇಲ್ಲ, ಬಿಎಂಐ ಇಲ್ಲ. ಒಂದೇ ಮನೆತನದ ಅಣ್ಣತಮ್ಮಂದಿರು, ಮನೆತನದ ಹೆಸರೂ ಒಂದೇ, ಆದರೆ ಅಣ್ಣನಿಗೆ ಬರುವ ಕಸುಬು ತಮ್ಮನಿಗೆ ಬರುವುದಿಲ್ಲ. ಇದು ಹ್ಯಾಸ್ವೆಲ್‌ಗೆ ಮಾತ್ರ ಸೀಮಿತವಲ್ಲ. ಸ್ಕೈಲೇಕ್ ಕಾಲದ ಪೆಂಟಿಯಂ ಜಿ4400, ಅದರ ನಂತರದ ಪೆಂಟಿಯಂ ಗೋಲ್ಡ್ ಜಿ5400, ಇವಕ್ಕೂ ಎವಿಎಕ್ಸ್ ಇಲ್ಲ. ಹೆಸರಿನಲ್ಲಿ ‘ಗೋಲ್ಡ್’ ಇದೆ ಎಂದು ಮೋಸ ಹೋಗಬೇಡಿ. ಮಾರಾಟದ ಲೆಕ್ಕಾಚಾರಕ್ಕಾಗಿ ಮಾಡಿದ ಈ ವಿಂಗಡಣೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಸೆಕೆಂಡ್ ಹ್ಯಾಂಡ್ ಮಷೀನು ಕೊಳ್ಳುವ ಕಾಲೇಜುಗಳಿಗೆ ಅದರ ಪೆಟ್ಟು ವರ್ಷಗಟ್ಟಲೆ ತಡವಾಗಿ ಬೀಳುತ್ತದೆ.

ಇನ್ನು ಟೂಲ್ ಒಳಗೆ ಏನು ನಡೆಯುತ್ತದೆ? ರಿಸಾಲ್ವ್-ಮಾರ್ಚ್-ನೇಟಿವ್ ಎಂಬುದು ಸೆಬಾಸ್ಟಿಯನ್ ಪಿಪಿಂಗ್ ಎಂಬುವರು ಪೈಥಾನ್‌ನಲ್ಲಿ ಬರೆದ ಚಿಕ್ಕ ಓಪನ್ ಸೋರ್ಸ್ ಸ್ಕ್ರಿಪ್ಟ್. ಜೆಂಟೂ ಲಿನಕ್ಸ್ ಬಳಸುವವರಲ್ಲಿ ಚಿರಪರಿಚಿತ, ಏಕೆಂದರೆ ಅವರು ಇಡೀ ಸಿಸ್ಟಮನ್ನೇ ತಾವೇ ಕಂಪೈಲ್ ಮಾಡಿಕೊಳ್ಳುವ ಜನ. ಅದರ ಬಳಿ ಪ್ರೊಸೆಸರ್‌ಗಳ ಪಟ್ಟಿಯೇನೂ ಇಲ್ಲ. ಎಲ್ಲವನ್ನೂ ಜಿಸಿಸಿ ಎಂಬ ಕಂಪೈಲರಿನ ಬಾಯಿಂದಲೇ ಹೊರಡಿಸುತ್ತದೆ. ಮೊದಲು ‘ನೇಟಿವ್ ಎಂದರೆ ಈ ಮಷೀನಿನಲ್ಲಿ ಏನೇನು ಹಾಕುತ್ತೀಯ?’ ಎಂದು ಕೇಳುತ್ತದೆ. ಜಿಸಿಸಿ ಒಂದು ಹೆಸರು ಹೇಳಿ ಅದರ ಹಿಂದೆ ಉದ್ದನೆಯ ಫ್ಲಾಗ್ ಸಾಲು ಕೊಡುತ್ತದೆ. ನಂತರ ‘ಆ ಹೆಸರನ್ನಷ್ಟೇ ಕೊಟ್ಟರೆ ಏನೇನು ತಾನಾಗಿ ಬರುತ್ತದೆ?’ ಎಂದು ಮತ್ತೆ ಕೇಳುತ್ತದೆ. ಎರಡನ್ನೂ ಹೋಲಿಸಿ, ಹೆಸರಿನಿಂದಲೇ ಬರುವುದನ್ನೆಲ್ಲ ಕಳೆದು, ಉಳಿದದ್ದನ್ನು ನಿಮ್ಮ ಮುಂದೆ ಇಡುತ್ತದೆ. ಇಷ್ಟೇ ಅದರ ಕೆಲಸ, ಚೊಕ್ಕವಾಗಿ ಮಾಡುತ್ತದೆ.

ಈಗ ಇದೇ ಸ್ಕ್ರಿಪ್ಟನ್ನು ಪೆಂಟಿಯಂ ಮೇಲೆ ಓಡಿಸಿ ನೋಡಿ. ಅಲ್ಲೂ ಶುರುವಿನಲ್ಲಿ ‘-ಮಾರ್ಚ್=ಹ್ಯಾಸ್ವೆಲ್’ ಎಂದೇ ಬರುತ್ತದೆ, ಏಕೆಂದರೆ ಜಿಸಿಸಿ ಆ ಹೆಸರನ್ನು ಪ್ರೊಸೆಸರಿನ ಮಾಡೆಲ್ ನಂಬರ್ ನೋಡಿ ಕೊಡುತ್ತದೆ. ಆದರೆ ಅದರ ಬೆನ್ನಿಗೇ ‘-ಎಂನೋ-ಎವಿಎಕ್ಸ್’, ‘-ಎಂನೋ-ಎವಿಎಕ್ಸ್2’, ‘-ಎಂನೋ-ಎಫ್‌ಎಂಎ’, ‘-ಎಂನೋ-ಬಿಎಂಐ’ ಎಂದು ‘ನೋ’ಗಳ ಸಾಲು ಇರುತ್ತದೆ. ಜೀವ ಇರುವುದು ಆ ಸಾಲಿನಲ್ಲಿ. ಹೆಸರು ಮಾತ್ರ ಎತ್ತಿಕೊಂಡು ‘ನೋ’ಗಳನ್ನು ಬಿಟ್ಟರೆ, ಪ್ರೊಸೆಸರ್‌ಗೆ ಇಲ್ಲದ್ದನ್ನೂ ಬಳಸಿಕೋ ಎಂದು ಕಂಪೈಲರ್‌ಗೆ ಅಪ್ಪಣೆ ಕೊಟ್ಟಂತಾಯಿತು. ನೀವು ಎರಡನೇ ಸಲ ಮಾಡಿದ್ದು ಇದನ್ನೇ. ‘ನೋ’ ಫ್ಲಾಗ್‌ಗಳು ಉದ್ದವಾಗಿ ಕಾಣುತ್ತವೆ ಎಂದು ಅಳಿಸುವವರನ್ನು ಕಂಡಿದ್ದೇನೆ. ಅನಗತ್ಯವಾದದ್ದನ್ನು ಟೂಲ್ ಆಗಲೇ ತೆಗೆದಿರುತ್ತದೆ. ಉಳಿಸಿದ್ದನ್ನು ನೀವು ಮುಟ್ಟಬೇಡಿ.

ಎಡವಿದ್ದು ನಿಖರವಾಗಿ ಎಲ್ಲಿ ಎಂದು ನೋಡುವ ಆಸೆ ಇದ್ದರೆ ಪೆಂಟಿಯಂನಲ್ಲಿ ಪ್ರೋಗ್ರಾಮನ್ನು ಜಿಡಿಬಿ ಎಂಬ ದೋಷ ಹುಡುಕುವ ಟೂಲ್ ಒಳಗೆ ಓಡಿಸಿ. ಅದು ನಿಂತ ಕೂಡಲೇ ‘ಎಕ್ಸ್/ಐ $ಪಿಸಿ’ ಎಂದು ಹೊಡೆಯಿರಿ. ಬಾಣದ ಗುರುತಿನ ಮುಂದೆ ಒಂದೇ ಸಾಲು ಬರುತ್ತದೆ. ಅದು ಬಹುಮಟ್ಟಿಗೆ ‘ವಿ’ ಅಕ್ಷರದಿಂದ ಶುರುವಾಗುವ ಇನ್‌ಸ್ಟ್ರಕ್ಷನ್ ಆಗಿರುತ್ತದೆ, ಉದಾಹರಣೆಗೆ ‘ವಿಪಿಎಕ್ಸ್‌ಒಆರ್’. ಇಲ್ಲವೆಂದರೆ ‘ಎಸ್‌ಎಚ್‌ಎಲ್‌ಎಕ್ಸ್’. ಮೊದಲನೆಯದು ಎವಿಎಕ್ಸ್‌ನದು, ಎರಡನೆಯದು ಬಿಎಂಐ2ನದು. ಕರ್ನಲ್ ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಆಪ್‌ಕೋಡ್’ ಎಂದಿರುತ್ತದೆ. ಶೆಲ್‌ನಲ್ಲಿ ಎಕ್ಸಿಟ್ ಸ್ಟೇಟಸ್ ಕೇಳಿದರೆ 132 ಬರುತ್ತದೆ. 128ಕ್ಕೆ ಸಿಗ್ನಲ್ ನಂಬರ್ 4 ಸೇರಿಸಿದ್ದು ಅದು.

ಇಲ್ಲೊಂದು ತಪ್ಪು ನಂಬಿಕೆ ಚಾಲ್ತಿಯಲ್ಲಿದೆ: ಎವಿಎಕ್ಸ್ ಎಂದರೆ ಭಾರಿ ಗಣಿತ, ನನ್ನ ಪ್ರೋಗ್ರಾಮ್ ಅಷ್ಟೇನೂ ಲೆಕ್ಕ ಮಾಡುವುದಿಲ್ಲ, ಹಾಗಾಗಿ ಏನೂ ಆಗದು ಎಂಬುದು. ಎವಿಎಕ್ಸ್‌ಗೆ ಒಮ್ಮೆ ಅನುಮತಿ ಸಿಕ್ಕಿದರೆ ಜಿಸಿಸಿ ಒಂದು ರಿಜಿಸ್ಟರನ್ನು ಸೊನ್ನೆ ಮಾಡುವಂಥ ಚಿಲ್ಲರೆ ಕೆಲಸಕ್ಕೂ ಹೊಸ ರೂಪದ ಇನ್‌ಸ್ಟ್ರಕ್ಷನ್ನನ್ನೇ ಬಳಸುತ್ತದೆ. ಅದಕ್ಕೇ ಪ್ರೋಗ್ರಾಮ್ ಪುಟವನ್ನು ಓದುವ ಮೊದಲೇ, ಕಮಾಂಡ್ ಲೈನ್ ಪರಿಶೀಲಿಸುವಾಗಲೇ ಬಿದ್ದುಹೋಗುವುದೂ ಉಂಟು.

ಬಿದ್ದುಹೋದರೆ ಒಂದು ರೀತಿಯಲ್ಲಿ ಪುಣ್ಯವೇ. ಕೆಟ್ಟದ್ದು ಬೇರೆ ಇದೆ. ‘ಎಲ್‌ಜೆಡ್‌ಸಿಎನ್‌ಟಿ’ ಎಂಬ ಇನ್‌ಸ್ಟ್ರಕ್ಷನ್ ಒಂದು ಸಂಖ್ಯೆಯ ಮುಂಭಾಗದಲ್ಲಿ ಎಷ್ಟು ಸೊನ್ನೆ ಬಿಟ್‌ಗಳಿವೆ ಎಂದು ಎಣಿಸುತ್ತದೆ. ಹ್ಯಾಸ್ವೆಲ್‌ಗಿಂತ ಹಿಂದಿನ ಇಂಟೆಲ್ ಪ್ರೊಸೆಸರ್‌ಗಳಿಗೆ ಇದು ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಅವು ಎರರ್ ಕೊಡುವುದಿಲ್ಲ. ಅದೇ ಬೈಟ್‌ಗಳನ್ನು ಹಳೆಯ ‘ಬಿಎಸ್‌ಆರ್’ ಎಂದು ಓದಿ ಬೇರೆಯೇ ಉತ್ತರ ಕೊಟ್ಟು ಮುಂದೆ ಹೋಗುತ್ತವೆ. ಮೂಲೆಯಲ್ಲಿ ಇನ್ನೂ ಹಳೆಯ ಐ3-2100 ಅಥವಾ ಕೋರ್ 2 ಡ್ಯುಯೋ ಮಷೀನು ಇದ್ದರೆ, ಹ್ಯಾಸ್ವೆಲ್‌ಗೆ ಕಂಪೈಲ್ ಮಾಡಿದ್ದನ್ನು ಅಲ್ಲಿ ‘ಓಡಿಯಂತೂ ಓಡಿತಲ್ಲ’ ಎಂದು ಬಿಡಬೇಡಿ. ಓಡುವುದು ಬೇರೆ, ಸರಿಯಾಗಿ ಓಡುವುದು ಬೇರೆ.

ಸರಿ, ಈಗ ಮಾಡಬೇಕಾದ್ದು. ಎಲ್ಲ ಮಷೀನಿಗೂ ಒಂದೇ ಬೈನರಿ (ಕಂಪೈಲ್ ಆದ ಪ್ರೋಗ್ರಾಮ್) ಬೇಕೆಂದರೆ ಅತ್ಯಂತ ದುರ್ಬಲ ಮಷೀನು ಏನು ಬಲ್ಲುದೋ ಅದರ ಮಟ್ಟಕ್ಕೆ ಕಂಪೈಲ್ ಮಾಡಬೇಕು. ಇದಕ್ಕೆ ಇಂಟೆಲ್, ಎಎಂಡಿ, ರೆಡ್ ಹ್ಯಾಟ್, ಸೂಸೆ ಕೂಡಿ 2020ರಲ್ಲಿ ಒಂದು ಏಣಿ ಮಾಡಿಟ್ಟರು: ‘ಎಕ್ಸ್86-64-ವಿ2’, ‘ವಿ3’, ‘ವಿ4’. ವಿ2 ಎಂದರೆ ಎವಿಎಕ್ಸ್‌ಗಿಂತ ಹಳೆಯ ಗುಂಪುಗಳಾದ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್‌ವರೆಗೆ. ವಿ3 ಎಂದರೆ ಎವಿಎಕ್ಸ್2, ಎಫ್‌ಎಂಎ, ಬಿಎಂಐ ಎಲ್ಲ ಸೇರಿ. ವಿ4 ಎಂದರೆ ಎವಿಎಕ್ಸ್-512. ನಿಮ್ಮ ಐ5-4570 ವಿ3, ಜಿ3220 ವಿ2. ಆದ್ದರಿಂದ ನಿಮ್ಮ ಲ್ಯಾಬಿಗೆ ‘-ಓ2 -ಮಾರ್ಚ್=ಎಕ್ಸ್86-64-ವಿ2’ ಹಾಕಿ. ‘-ಎಂಟ್ಯೂನ್=ಹ್ಯಾಸ್ವೆಲ್’ ಕೂಡ ಸೇರಿಸಬೇಕೆಂದರೆ ಸೇರಿಸಿ, ಅದರಿಂದ ಅಪಾಯವಿಲ್ಲ. ಎಂಟ್ಯೂನ್ ಇರುವ ಇನ್‌ಸ್ಟ್ರಕ್ಷನ್‌ಗಳನ್ನೇ ಹೇಗೆ ಜೋಡಿಸಬೇಕು ಎಂದಷ್ಟೇ ಹೇಳುತ್ತದೆ, ಹೊಸದನ್ನು ತರುವುದಿಲ್ಲ. ಹೊಸದನ್ನು ತರುವುದು ಮಾರ್ಚ್ ಮಾತ್ರ.

ವಿ2, ವಿ3 ಹೆಸರುಗಳು ಜಿಸಿಸಿ 11ರಿಂದ ಈಚೆಗೆ ಮಾತ್ರ. ಉಬುಂಟು 22.04ರಲ್ಲಿ ಜಿಸಿಸಿ 11 ಬರುತ್ತದೆ, ತೊಂದರೆ ಇಲ್ಲ. 20.04ರಲ್ಲೇ ಇದ್ದೀರಾದರೆ ಅದರ ಜಿಸಿಸಿ 9ಕ್ಕೆ ಇವು ಅರ್ಥವಾಗುವುದಿಲ್ಲ; ‘-ಮಾರ್ಚ್=ನೆಹಲೆಮ್’ ಎಂದು ಕೊಡಿ, ಹೆಚ್ಚುಕಡಿಮೆ ಅದೇ ಮಟ್ಟ.

ಒಂದು ಮಷೀನು ಯಾವ ಮೆಟ್ಟಿಲಿನಲ್ಲಿದೆ ಎಂದು ತಿಳಿಯಲು ಯಾವ ಟೂಲೂ ಬೇಡ. ಜಿಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) 2.33 ಅಥವಾ ಅದಕ್ಕಿಂತ ಹೊಸದಾದರೆ, ಪ್ರೋಗ್ರಾಮುಗಳಿಗೆ ಲೈಬ್ರರಿಗಳನ್ನು ಜೋಡಿಸುವ ಲೋಡರನ್ನೇ (ಲಿಬ್64 ಫೋಲ್ಡರಿನಲ್ಲಿರುವ ಎಲ್‌ಡಿ-ಲಿನಕ್ಸ್ ಕಡತ) ‘--ಹೆಲ್ಪ್’ ಎಂದು ಕರೆಯಿರಿ. ಕೊನೆಯಲ್ಲಿ ಮಟ್ಟಗಳ ಪಟ್ಟಿ ಕೊಟ್ಟು ಈ ಮಷೀನಿಗೆ ಸಲ್ಲುವುದರ ಮುಂದೆ ‘ಸಪೋರ್ಟೆಡ್’ ಎಂದು ಬರೆದಿರುತ್ತದೆ. ಅದಕ್ಕಿಂತ ಹಳೆಯ ಸಿಸ್ಟಮ್ ಆದರೆ ಪ್ರೊಕ್ ಫೋಲ್ಡರಿನ ಸಿಪಿಯುಇನ್ಫೋ ಓದಬೇಕು. ಅಲ್ಲಿ ಹೆಸರುಗಳು ವಿಚಿತ್ರ: ಎಸ್‌ಎಸ್‌ಇ3 ಅನ್ನು ‘ಪಿಎನ್‌ಐ’ ಎಂದೂ, ಎಲ್‌ಜೆಡ್‌ಸಿಎನ್‌ಟಿಯನ್ನು ‘ಎಬಿಎಂ’ ಎಂದೂ ಬರೆದಿರುತ್ತಾರೆ. ಎಸ್‌ಎಸ್‌ಇ3 ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗುವುದು ಬೇಡ. ಮಿಖಾವ್ ಗೂರ್ನಿ ಬರೆದ ‘ಸಿಪಿಯುಐಡಿ2ಸಿಪಿಯುಫ್ಲಾಗ್ಸ್’ ಎಂಬ ಇನ್ನೊಂದು ಚಿಕ್ಕ ಟೂಲ್ ಇದೆ. ಅದು ಜಿಸಿಸಿಯನ್ನು ಕೇಳದೆ ಪ್ರೊಸೆಸರನ್ನೇ ಸಿಪಿಯುಐಡಿ ಇನ್‌ಸ್ಟ್ರಕ್ಷನ್ ಮೂಲಕ ವಿಚಾರಿಸುತ್ತದೆ. ಆದರೆ ಅದು ಕೊಡುವುದು ಜೆಂಟೂ ಪ್ಯಾಕೇಜ್‌ಗಳಿಗೆ ಬೇಕಾದ ಪಟ್ಟಿ, ಕಂಪೈಲರ್ ಫ್ಲಾಗ್ ಅಲ್ಲ. ಎರಡನ್ನೂ ಬೆರೆಸಬೇಡಿ.

ಮರುಕಂಪೈಲ್ ಮಾಡುವಾಗ ಎರಡು ಕಡೆ ಜೋಪಾನ. ಫ್ಲಾಗ್ ಬದಲಿಸಿ ಬರೀ ‘ಮೇಕ್’ ಹೊಡೆದರೆ ಹಳೆಯ ಆಬ್ಜೆಕ್ಟ್ ಕಡತಗಳು ಹಾಗೇ ಉಳಿಯಬಹುದು. ‘ಮೇಕ್ ಕ್ಲೀನ್’ ಮಾಡಿ, ಕಾನ್ಫಿಗರ್‌ನಿಂದಲೇ ಶುರುಮಾಡಿ. ಎರಡನೆಯದು ಲೆಪ್ಟೋನಿಕಾ. ಚಿತ್ರ ಓದುವ ಕೆಲಸವನ್ನೆಲ್ಲ ಟೆಸೆರಾಕ್ಟ್ ಈ ಲೈಬ್ರರಿಗೆ ವಹಿಸುತ್ತದೆ. ಮೊದಲ ಸಲ ನೀವು ಅದನ್ನೂ ನೇಟಿವ್‌ನಲ್ಲೇ ಕಂಪೈಲ್ ಮಾಡಿದ್ದೀರಿ, ಎರಡನೇ ಸಲ ಟೆಸೆರಾಕ್ಟ್ ಒಂದನ್ನೇ ಮಾಡಿದ್ದೀರಿ. ಟೆಸೆರಾಕ್ಟ್ ಸರಿಹೋದರೂ ಯುಎಸ್‌ಆರ್ ಲೋಕಲ್‌ನಲ್ಲಿ ಕೂತಿರುವ ಹಳೆಯ ಲೆಪ್ಟೋನಿಕಾ ಪೆಂಟಿಯಂನಲ್ಲಿ ಮತ್ತೆ ಕೈಕೊಡುತ್ತದೆ. ‘ಎಲ್‌ಡಿಡಿ’ ಹಾಕಿ ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ನೋಡಿಕೊಳ್ಳಿ.

ಆದರೆ ಇಷ್ಟೆಲ್ಲ ಯಾಕೆ? ಟೆಸೆರಾಕ್ಟ್ ಬರೆದವರು ಈ ಪ್ರಶ್ನೆಯನ್ನು ಮೊದಲೇ ಯೋಚಿಸಿದ್ದಾರೆ. ಅದರಲ್ಲಿ ಸಮಯ ತಿನ್ನುವ ಭಾಗ ನ್ಯೂರಲ್ ನೆಟ್‌ವರ್ಕಿನ ಗುಣಾಕಾರ. ಆ ಕೆಲವು ಕಡತಗಳನ್ನು ಮಾತ್ರ ಎಸ್‌ಎಸ್‌ಇ4.1ಕ್ಕೆ, ಎವಿಎಕ್ಸ್‌ಗೆ, ಎವಿಎಕ್ಸ್2ಗೆ, ಎಫ್‌ಎಂಎಗೆ ಬೇರೆ ಬೇರೆಯಾಗಿ ಕಂಪೈಲ್ ಮಾಡಿ ಒಂದೇ ಬೈನರಿಯಲ್ಲಿ ಇಟ್ಟಿರುತ್ತಾರೆ. ಪ್ರೋಗ್ರಾಮ್ ಶುರುವಾದಾಗ ಪ್ರೊಸೆಸರನ್ನು ಕೇಳಿ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ನಂಬಿಕೆ ಬಾರದಿದ್ದರೆ ಎರಡೂ ಮಷೀನಿನಲ್ಲಿ ‘ಟೆಸೆರಾಕ್ಟ್ --ವರ್ಷನ್’ ಹೊಡೆಯಿರಿ. ಐ5ನಲ್ಲಿ ‘ಫೌಂಡ್ ಎವಿಎಕ್ಸ್2’, ‘ಫೌಂಡ್ ಎಫ್‌ಎಂಎ’ ಎಂಬ ಸಾಲುಗಳಿರುತ್ತವೆ. ಪೆಂಟಿಯಂನಲ್ಲಿ ‘ಫೌಂಡ್ ಎಸ್‌ಎಸ್‌ಇ4.1’ ಎಂದಷ್ಟೇ. ಇಡೀ ಪ್ರೋಗ್ರಾಮಿಗೆ ನೇಟಿವ್ ಹೇರಿದ್ದರಿಂದ ಆದದ್ದೇನೆಂದರೆ, ಕೇಳಿ ಆರಿಸಿಕೊಳ್ಳುವ ಆ ಕೋಡಿಗೇ ಎವಿಎಕ್ಸ್ ನುಗ್ಗಿತು. ಬಾಗಿಲಲ್ಲಿ ವಿಚಾರಿಸುವವನೇ ಬಿದ್ದುಹೋದ ಮೇಲೆ ಒಳಗಿನ ಏರ್ಪಾಡು ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ನನ್ನ ಸಲಹೆ: ಮಾರ್ಚ್ ಗೀರ್ಚ್ ಏನೂ ಹಾಕದೆ, ಬರೀ ‘-ಓ2’ನಲ್ಲಿ ಕಂಪೈಲ್ ಮಾಡಿ ಎಲ್ಲ ಮಷೀನಿಗೂ ಹಂಚಿ. ವೇಗ ಬೇಕೆಂದರೆ ಅದು ಬೇರೆ ಕಡೆ ಸಿಗುತ್ತದೆ. ‘ಟೆಸ್‌ಡೇಟಾ ಬೆಸ್ಟ್’ ಸಂಗ್ರಹದ ಕನ್ನಡ ಮಾಡೆಲ್ ಬಳಸುತ್ತಿದ್ದೀರಾದರೆ ಒಮ್ಮೆ ‘ಟೆಸ್‌ಡೇಟಾ ಫಾಸ್ಟ್’ ಹಾಕಿ ನೋಡಿ. ಅದು ಪೂರ್ಣಾಂಕಗಳ ಮೇಲೆ ನಡೆಯುವ ಚಿಕ್ಕ ಮಾಡೆಲ್, ಎದ್ದು ಕಾಣುವಷ್ಟು ಬೇಗ. ಮಾಸಿದ ಮೊಳೆಯಚ್ಚಿನ ಪುಟಗಳಿಗೆ ‘ಬೆಸ್ಟ್’ ಇಟ್ಟುಕೊಂಡು, ಚೆನ್ನಾಗಿರುವ ಪುಟಗಳಿಗೆ ‘ಫಾಸ್ಟ್’ ಸಾಕು. ಇನ್ನೊಂದು, ಟೆಸೆರಾಕ್ಟ್ ಒಂದೇ ಪುಟಕ್ಕೆ ನಾಲ್ಕು ಥ್ರೆಡ್‌ವರೆಗೆ ಹಾಕುತ್ತದೆ, ಲಾಭ ಮಾತ್ರ ಅಷ್ಟಕ್ಕಷ್ಟೆ. ‘ಓಎಂಪಿ_ಥ್ರೆಡ್_ಲಿಮಿಟ್=1’ ಎಂದು ಕಟ್ಟಿಹಾಕಿ, ಪ್ರೊಸೆಸರಿನಲ್ಲಿ ಎಷ್ಟು ಕೋರ್ ಇವೆಯೋ ಅಷ್ಟು ಪುಟಗಳನ್ನು ಒಟ್ಟಿಗೆ ಓಡಿಸಿ. ಐ5ನಲ್ಲಿ ನಾಲ್ಕು, ಪೆಂಟಿಯಂನಲ್ಲಿ ಎರಡು. ದಿನದ ಲೆಕ್ಕದಲ್ಲಿ ಯಾವ ಕಂಪೈಲರ್ ಫ್ಲಾಗ್ ಕೊಡುವುದಕ್ಕಿಂತಲೂ ಹೆಚ್ಚು ಪುಟ ಇದರಿಂದ ಮುಗಿಯುತ್ತವೆ.

ಹಾಗಾದರೆ ರಿಸಾಲ್ವ್-ಮಾರ್ಚ್-ನೇಟಿವ್ ಯಾರಿಗೆ? ಕಂಪೈಲ್ ಮಾಡುವ ಮಷೀನು ಒಂದು, ಓಡಿಸುವ ಮಷೀನು ಇನ್ನೊಂದು ಎಂದಾಗ. ಪೆಂಟಿಯಂನಲ್ಲಿ ಟೂಲ್ ಓಡಿಸಿ, ಬಂದ ಸಾಲನ್ನು ಪೂರ್ತಿಯಾಗಿ ಐ5ಗೆ ತಂದು ಅಲ್ಲಿ ಕಂಪೈಲ್ ಮಾಡಿ ಹಿಂದಿರುಗಿಸುವುದು ಅದರ ಸರಿಯಾದ ಬಳಕೆ. ನೀವು ಹೋದದ್ದು ಉಲ್ಟಾ ದಿಕ್ಕಿನಲ್ಲಿ. ಡಿಸ್ಟ್‌ಸಿಸಿ ಬಳಸಿ ಲ್ಯಾಬಿನ ಎಲ್ಲ ಮಷೀನಿಗೂ ಕಂಪೈಲ್ ಕೆಲಸ ಹಂಚುವವರಿಗೆ ಇದು ಬೇಕೇ ಬೇಕು. ನೇಟಿವ್ ಎಂದಿದ್ದರೆ ಡಿಸ್ಟ್‌ಸಿಸಿ ಆ ಕಡತವನ್ನು ಹೊರಗೆ ಕಳಿಸುವುದೇ ಇಲ್ಲ, ಇದ್ದಲ್ಲೇ ಮುಗಿಸುತ್ತದೆ. ಏಕೆಂದರೆ ಪ್ರತಿ ಮಷೀನಿನ ‘ನೇಟಿವ್’ ಬೇರೆ. ನೇಟಿವ್ ಬದಲು ಟೂಲ್ ಕೊಟ್ಟ ಸಾಲು ಹಾಕಿದರೆ ಹಂಚಿಕೆ ಶುರುವಾಗುತ್ತದೆ.

ಆ ಸಾಲನ್ನು ಬರೆದಿಟ್ಟುಕೊಳ್ಳುವಾಗ ಪಕ್ಕದಲ್ಲಿ ಜಿಸಿಸಿ ಆವೃತ್ತಿಯನ್ನೂ ಬರೆದಿಡಿ. ಹಳೆಯ ಜಿಸಿಸಿಗೆ ಹೊಸ ಪ್ರೊಸೆಸರಿನ ಹೆಸರು ಗೊತ್ತಿರುವುದಿಲ್ಲ, ಹತ್ತಿರದ ಹಳೆಯ ಹೆಸರು ಹೇಳುತ್ತದೆ. ಜೆನ್ 3 ರೈಜೆನ್ ಅನ್ನು ಜಿಸಿಸಿ 9 ‘ಜೆಡ್‌ಎನ್‌ವರ್2’ ಎಂದೇ ಕರೆಯುತ್ತದೆ. ಬಯೋಸ್ ಅಥವಾ ಮೈಕ್ರೊಕೋಡ್ ಅಪ್‌ಡೇಟ್ ಆದರೂ ಉತ್ತರ ಬದಲಾಗಬಹುದು. ಹ್ಯಾಸ್ವೆಲ್ ಇದಕ್ಕೆ ಒಳ್ಳೆಯ ಸಾಕ್ಷಿ: ಟಿಎಸ್‌ಎಕ್ಸ್ ಎಂಬ ಸೌಲಭ್ಯದಲ್ಲಿ ದೋಷ ಇದೆ ಎಂದು 2014ರಲ್ಲಿ ಇಂಟೆಲ್ ಒಪ್ಪಿಕೊಂಡು, ಮೈಕ್ರೊಕೋಡ್ ಮೂಲಕ ಅದನ್ನು ಬಂದ್ ಮಾಡಿತು. ಹಾಗಾಗಿ ಒಂದೇ ಅಂಗಡಿಯಿಂದ ಬಂದ ಎರಡು ಐ5-4570ಗಳು ಬೇರೆ ಬೇರೆ ಸಾಲು ಕೊಟ್ಟರೆ ಆಶ್ಚರ್ಯಪಡಬೇಕಿಲ್ಲ. ವರ್ಚುವಲ್ ಮಷೀನಿನೊಳಗೆ ಟೂಲ್ ಓಡಿಸಿದರೂ ಅಷ್ಟೇ, ಅದನ್ನು ನಡೆಸುವ ಹೊರಗಿನ ಹೈಪರ್‌ವೈಸರ್ ಏನು ತೋರಿಸಿದೆಯೋ ಅದೇ ಕಾಣುತ್ತದೆ.

ಇನ್ನೂ ಐ5ಗಳಿಗೆ ಬೇರೆ ಬಿಲ್ಡ್ ಬೇಕೇ ಬೇಕು ಎನ್ನುವುದಾದರೆ ಒಂದು ಒಪ್ಪವಾದ ದಾರಿ ಇದೆ. ಲೈಬ್ರರಿಯನ್ನು ಎರಡು ಸಲ ಕಂಪೈಲ್ ಮಾಡಿ, ವಿ3 ಪ್ರತಿಯನ್ನು ಲೈಬ್ರರಿ ಫೋಲ್ಡರಿನೊಳಗೆ ‘ಜಿಲಿಬ್‌ಸಿ-ಎಚ್‌ಡಬ್ಲ್ಯುಕ್ಯಾಪ್ಸ್’, ಅದರೊಳಗೆ ‘ಎಕ್ಸ್86-64-ವಿ3’ ಎಂಬ ಉಪಫೋಲ್ಡರ್ ಮಾಡಿ ಅಲ್ಲಿಡಿ. ವಿ3 ಬಲ್ಲ ಮಷೀನಿನಲ್ಲಿ ಲೋಡರ್ ತಾನಾಗಿ ಅದನ್ನು ಎತ್ತಿಕೊಳ್ಳುತ್ತದೆ, ಪೆಂಟಿಯಂನಲ್ಲಿ ಮಾಮೂಲಿ ಪ್ರತಿಯನ್ನು. ಇದೂ ಜಿಲಿಬ್‌ಸಿ 2.33ರ ಕೊಡುಗೆಯೇ.

ಹಾಗೆ ಮಾಡಿದಾಗ ಒಂದು ವಿಷಯ ನೆನಪಿರಲಿ. ಎಫ್‌ಎಂಎ ಇದ್ದರೆ ‘ಎ ಗುಣಿಸು ಬಿ, ಕೂಡಿಸು ಸಿ’ ಎಂಬುದನ್ನು ಒಂದೇ ಹೆಜ್ಜೆಯಲ್ಲಿ ಮಾಡಿ, ದಶಾಂಶವನ್ನು ಒಂದೇ ಸಲ ಸರಿಹೊಂದಿಸುತ್ತದೆ. ಇಲ್ಲದ ಮಷೀನಿನಲ್ಲಿ ಗುಣಿಸಿದ ಮೇಲೊಮ್ಮೆ, ಕೂಡಿಸಿದ ಮೇಲೊಮ್ಮೆ. ಕೊನೆಯ ಅಂಕಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ, ಮತ್ತು ಜಿಸಿಸಿ ಇದನ್ನು ನಿಮ್ಮನ್ನು ಕೇಳದೆಯೇ ಮಾಡುತ್ತದೆ. ಕನ್ನಡದ ಪುಟದಲ್ಲಿ ಮಸುಕಾದ ಒತ್ತಕ್ಷರಕ್ಕೆ ಎರಡು ಆಯ್ಕೆಗಳ ಅಂಕ ತೀರಾ ಪಕ್ಕಪಕ್ಕ ಬಂದಿದ್ದರೆ, ಒಂದೇ ಪುಟ ಐ5ನಲ್ಲಿ ಒಂದು ಥರ, ಪೆಂಟಿಯಂನಲ್ಲಿ ಇನ್ನೊಂದು ಥರ ಹೊರಬರಬಹುದು. ಎರಡರಲ್ಲಿ ಯಾವುದೂ ‘ತಪ್ಪು ಲೆಕ್ಕ’ ಅಲ್ಲ. ನಿಮ್ಮದೇ ಕೋಡಿನಲ್ಲಿ ಇದು ಬೇಡವೆಂದರೆ ‘-ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್’ ಇದೆ. ಕರಡು ತಿದ್ದುವವರಿಗೆ ಒಂದು ಮಾತು ಹೇಳಿಟ್ಟರೆ ಸಾಕು: ಒಂದು ಸಂಚಿಕೆಯ ಪುಟಗಳನ್ನೆಲ್ಲ ಒಂದೇ ಬಗೆಯ ಮಷೀನಿನಲ್ಲಿ ಓಡಿಸಿ, ಆಗ ಹೋಲಿಕೆಗೆ ತೊಡಕಾಗುವುದಿಲ್ಲ.

ಟೂಲ್ ಕೊಟ್ಟ ಸಾಲಿನ ಬಾಲದಲ್ಲಿ ‘--ಪ್ಯಾರಮ್ ಎಲ್2-ಕ್ಯಾಶ್-ಸೈಜ್’ ಎಂದು ಐ5ನಲ್ಲಿ 6144, ಪೆಂಟಿಯಂನಲ್ಲಿ 3072 ಕಂಡರೆ ತಬ್ಬಿಬ್ಬಾಗಬೇಡಿ. ಎಲ್2 ಎಂದು ಬರೆದಿದ್ದರೂ ಅದು ಆ ಪ್ರೊಸೆಸರ್‌ಗಳ ಎಲ್3 ಗಾತ್ರ, ಕಿಲೋಬೈಟ್ ಲೆಕ್ಕದಲ್ಲಿ. ಜಿಸಿಸಿ ಕೊನೆಯ ಕ್ಯಾಶಿನ ಗಾತ್ರವನ್ನು ಆ ಹೆಸರಿನಲ್ಲಿ ಕೊಡುತ್ತದೆ. ಅದನ್ನು ತಪ್ಪಾಗಿ ಕಾಪಿ ಮಾಡಿದರೆ ವೇಗ ಒಂದಿಷ್ಟು ಆಚೀಚೆ ಆದೀತು, ಪ್ರೋಗ್ರಾಮ್ ಮಾತ್ರ ಬೀಳುವುದಿಲ್ಲ.